ಸಹಾಯ ಬೇಕು: ಅಪ್ಪನಿಗೆ ಸಿಎಂಎಲ್ (ಒಂದು ಬಗೆಯ ಬ್ಲಡ್ ಕ್ಯಾನ್ಸರ್), ಅದರ ಮಾತ್ರೆ ಇಮ್ಯಾಟಿನಿಬ್ ತಗೊಳ್ತಿರೋರು ಯಾರಾದರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 58. ಸುಸ್ತು ಅಂತ ರಕ್ತ ಪರೀಕ್ಷೆ ಮಾಡಿಸಿದರೆ ಬಿಳಿ ರಕ್ತಕಣ 1,80,000! ಬ್ಲಡ್ ಕ್ಯಾನ್ಸರ್ ಅಂದಕೂಡಲೇ ಅಮ್ಮ ಊಟ ಬಿಟ್ಟು ಕೂತರು. ಆಮೇಲೆ ಡಾಕ್ಟರು ಬಿಡಿಸಿ ಹೇಳಿದರು: ಮಕ್ಕಳಲ್ಲಿ ಹೆಚ್ಚು ಕಾಣುವ ಎಎಲ್‌ಎಲ್ ಅಲ್ಲ, ಬೇಗ ಉಲ್ಬಣಿಸುವ ಎಎಂಎಲ್ಲೂ ಅಲ್ಲ, ನಿಧಾನವಾಗಿ ಬೆಳೆಯುವ ಸಿಎಂಎಲ್, ಅದೂ ಆರಂಭದ ಹಂತ. 9 ಮತ್ತು 22ನೇ ಕ್ರೋಮೋಸೋಮ್‌ಗಳ ತುಂಡು ಅದಲುಬದಲಾಗಿ ಬರೋದಂತೆ, ವಂಶದಿಂದ ಬಂದದ್ದಲ್ಲ. ದಿನಾ 400 ಮಿ.ಗ್ರಾಂ ಇಮ್ಯಾಟಿನಿಬ್. ಮಾತ್ರೆ ತಪ್ಪಿಸದಿದ್ದರೆ ಬಹಳಷ್ಟು ಜನ ವರ್ಷಗಟ್ಟಲೆ ಚೆನ್ನಾಗಿರ್ತಾರಂತೆ.

ಊಟದ ಜೊತೆ ತಗೊಂಡರೂ ವಾಕರಿಕೆ, ರಾತ್ರಿ ಮೀನಖಂಡ ಹಿಡಿಯುತ್ತೆ. ನಿಮಗೆ ಎಷ್ಟು ದಿನಕ್ಕೆ ಕಡಿಮೆಯಾಯ್ತು? ಕಾಯಿಲೆ ಎಷ್ಟು ಉಳಿದಿದೆ ಅಂತ ನೋಡೋಕೆ 3 ತಿಂಗಳಿಗೊಮ್ಮೆ ಮಾಡಿಸೋ ಬಿಸಿಆರ್-ಎಬಿಎಲ್ ಪರೀಕ್ಷೆಗೆ ಹಾಸನದಲ್ಲೇ ರಕ್ತ ಕೊಡಬಹುದಾ, ಬೆಂಗಳೂರಿಗೇ ಹೋಗಬೇಕಾ? ಪಪ್ಪಾಯಿ ಎಲೆ ರಸದ ಸಲಹೆ ಮಾತ್ರ ಬೇಡ, ನೆಂಟರಿಂದ ಬೇಕಾದಷ್ಟು ಬಂದಿದೆ.