ಪ್ರೈಮರಿಯಲ್ಲಿ ತಮ್ಮವರು ಸೋತರೆ ಮತದಾರರು ನಿಜಕ್ಕೂ ಪಕ್ಷ ಬಿಡುತ್ತಾರಾ?

ತುಂಗಾತೀರ:
2016ರ ಅಮೆರಿಕ ಚುನಾವಣೆಯ ಮಾತು ಬಂದಾಗಲೆಲ್ಲ ಒಂದು ವಾದ ಬರುತ್ತೆ. ಡೆಮಾಕ್ರಟ್ ಪಕ್ಷದ ಪ್ರೈಮರಿಯಲ್ಲಿ, ಅಂದರೆ ಅಭ್ಯರ್ಥಿಯನ್ನು ಮತದಾರರೇ ಆರಿಸುವ ಒಳಚುನಾವಣೆಯಲ್ಲಿ, ಹಿಲರಿ ಎದುರು ಬರ್ನಿ ಸ್ಯಾಂಡರ್ಸ್‌ಗೆ ಮತ ಹಾಕಿದವರಲ್ಲಿ ನೂರಕ್ಕೆ 12 ಜನ ನವೆಂಬರ್‌ನ ಅಂತಿಮ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷದ ಟ್ರಂಪ್‌ಗೆ ಹಾಕಿದರು, ಹಿಲರಿ ಸೋತಿದ್ದೇ ಅದರಿಂದ ಅಂತ. ವಿಸ್ಕಾನ್ಸಿನ್, ಮಿಷಿಗನ್, ಪೆನ್ಸಿಲ್ವೇನಿಯಾ ಮೂರು ರಾಜ್ಯಗಳಲ್ಲೂ ಸೋಲಿನ ಅಂತರಕ್ಕಿಂತ ಇವರ ಸಂಖ್ಯೆ ದೊಡ್ಡದು ಅನ್ನೋ ಲೆಕ್ಕವನ್ನೂ ಮುಂದಿಡ್ತಾರೆ. ಈ ಅಂಕಿ ಎಲ್ಲಿಂದ ಬಂತು, ಎಷ್ಟು ನಂಬಬಹುದು? ಪ್ರತಿ ಸಲವೂ ಇಷ್ಟು ಜನ ಹೊರಗೆ ಹೋಗ್ತಾರಾ? ಸಮೀಕ್ಷೆ ಬಿಟ್ಟು, ನಿಜವಾದ ಮತಪತ್ರದಿಂದಲೇ ಇದನ್ನು ಅಳೆದ ಉದಾಹರಣೆ ಇದೆಯಾ?

ಮತಲೆಕ್ಕ:
ಅಂಕಿ ಸರಿ ಇದೆ. ಅದರಿಂದ ತೀರ್ಮಾನಕ್ಕೆ ಹೋಗುವ ದಾರಿಯಲ್ಲಿ ತೊಡಕಿದೆ.

12% ಬಂದಿದ್ದು ಸಿಸಿಇಎಸ್ ಎಂಬ, ವಿಶ್ವವಿದ್ಯಾಲಯಗಳು ಸೇರಿ ನಡೆಸುವ ಸಮೀಕ್ಷೆಯಿಂದ. 50 ಸಾವಿರಕ್ಕೂ ಹೆಚ್ಚು ಜನರನ್ನು ಕೇಳಿ, ಅವರು ಮತ ಹಾಕಿದ್ದಾರಾ ಎಂಬುದನ್ನು ಮತದಾರರ ಕಡತದೊಂದಿಗೆ ತಾಳೆ ನೋಡುತ್ತಾರೆ. ಮತ ಹಾಕಿದ್ದಕ್ಕೆ ದಾಖಲೆ ಇರುತ್ತದೆ. ಯಾರಿಗೆ ಹಾಕಿದರು ಎಂಬುದಕ್ಕೆ ಅವರು ಹೇಳಿದ್ದೇ ಆಧಾರ.

ವಿಸ್ಕಾನ್ಸಿನ್ ತಗೊಳ್ಳಿ. ಸ್ಯಾಂಡರ್ಸ್‌ಗೆ ಅಲ್ಲಿ ಬಿದ್ದದ್ದು ಸುಮಾರು 5.70 ಲಕ್ಷ ಮತ. ಸಮೀಕ್ಷೆಯ ಪ್ರಕಾರ ಅದರಲ್ಲಿ ಸುಮಾರು 9% ಟ್ರಂಪ್ ಕಡೆ ಹೋಯಿತು, ಅಂದರೆ 51 ಸಾವಿರ. ಟ್ರಂಪ್ ಗೆದ್ದ ಅಂತರ 22,748. ಆದರೆ 50 ಸಾವಿರ ಜನರ ಸಮೀಕ್ಷೆಯೂ ಒಂದು ರಾಜ್ಯದ ಒಂದೇ ಗುಂಪಿಗೆ ಇಳಿದಾಗ ತೆಳುವಾಗುತ್ತದೆ. ಆ ಗುಂಪಿನಲ್ಲಿ 300 ಜನ ಸಿಕ್ಕಿದ್ದಾರೆ ಎಂದುಕೊಂಡರೆ, 9% ಎಂಬುದು 6ರಿಂದ 12ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಮತದ ಲೆಕ್ಕದಲ್ಲಿ 34 ಸಾವಿರದಿಂದ 68 ಸಾವಿರ.

ಎದುರು ಪಕ್ಷಕ್ಕೆ ಹೋದ ಮತ ಅಂತರದಲ್ಲಿ ಎರಡಾಗಿ ಎಣಿಕೆಯಾಗುತ್ತದೆ ಎಂಬುದನ್ನೂ ಹಲವರು ಮರೆಯುತ್ತಾರೆ. ಇವರಿಗೆ ಒಂದು ಕಡಿಮೆ, ಅವರಿಗೆ ಒಂದು ಜಾಸ್ತಿ. ಹಾಗಾಗಿ ವಿಸ್ಕಾನ್ಸಿನ್ ಫಲಿತಾಂಶ ತಿರುಗಲು 11,375 ಜನ ಮರಳಿದ್ದರೆ ಸಾಕಿತ್ತು. ಮನೆಯಲ್ಲೇ ಉಳಿದವರು, ಮೂರನೇ ಪಕ್ಷಕ್ಕೆ ಹಾಕಿದವರು ಒಂದೊಂದೇ ಲೆಕ್ಕ. ಈ ಮೂರು ಬಗೆಯವರನ್ನೂ ಒಂದೇ ರಾಶಿಗೆ ಹಾಕಿದರೆ ಉತ್ತರ ಕೆಡುತ್ತದೆ.

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ತೊಡಕು ಬೇರೆ. ಈ 12% ಜನರಲ್ಲಿ ತಮ್ಮನ್ನು ಡೆಮಾಕ್ರಟ್ ಎಂದು ಗಟ್ಟಿಯಾಗಿ ಹೇಳಿಕೊಳ್ಳುವವರು ಕಡಿಮೆ. ಇರದ ಮನೆಯನ್ನು ಬಿಟ್ಟುಹೋದರು ಎನ್ನಲಾಗದು. ಮೇಲಾಗಿ ರಿಪಬ್ಲಿಕನ್ ಪ್ರೈಮರಿಯಲ್ಲಿ ಬೇರೆಯವರನ್ನು ಬೆಂಬಲಿಸಿ ಕೊನೆಗೆ ಹಿಲರಿಗೆ ಹಾಕಿದವರೂ ಇದ್ದರು. ಅದನ್ನು ಕಳೆಯದೆ ಒಂದೇ ಕಡೆಯ ಸೋರಿಕೆ ತೋರಿಸುವುದು ಅರ್ಧ ಲೆಕ್ಕ.

ಹಳೇ ಮತಪತ್ರ:
ಪ್ರತಿ ಸಲ ಇಷ್ಟೇನಾ ಅಂದರೆ, ಯಾವ ತಿಂಗಳು ಕೇಳಿದ್ದು ಅನ್ನೋದು ಮುಖ್ಯ. 2008ರ ಮಾರ್ಚ್‌ನಲ್ಲಿ, ಡೆಮಾಕ್ರಟ್ ಪ್ರೈಮರಿಯಲ್ಲಿ ಒಬಾಮಾ-ಹಿಲರಿ ಪೈಪೋಟಿ ನಡೆದಿದ್ದಾಗ, ಗ್ಯಾಲಪ್ ಸಮೀಕ್ಷಾ ಸಂಸ್ಥೆ ಕೇಳಿದಾಗ ಹಿಲರಿ ಬೆಂಬಲಿಗರಲ್ಲಿ 28% ಜನ, ಒಬಾಮಾ ಅಭ್ಯರ್ಥಿಯಾದರೆ ರಿಪಬ್ಲಿಕನ್ ಮೆಕೇನ್‌ಗೆ ಹಾಕ್ತೀವಿ ಅಂದಿದ್ದರು. ಒಬಾಮಾ ಬೆಂಬಲಿಗರಲ್ಲಿ 19% ಜನ ಅದೇ ಮಾತನ್ನು ಹಿಲರಿ ವಿಷಯದಲ್ಲಿ ಹೇಳಿದ್ದರು. ನವೆಂಬರ್‌ನ ಮತಗಟ್ಟೆ ಸಮೀಕ್ಷೆಯಲ್ಲಿ ಹಿಲರಿ ಬಯಸಿದ್ದ ಡೆಮಾಕ್ರಟರ ಪೈಕಿ ಮೆಕೇನ್‌ಗೆ ಹಾಕಿದವರು ಸುಮಾರು 16% ಮಾತ್ರ. ಒಟ್ಟು ಡೆಮಾಕ್ರಟರಲ್ಲಿ 89% ಒಬಾಮಾ ಜೊತೆಗಿದ್ದರು.

ಆದರೆ ಈ ಎರಡು ಅಂಕಿಗಳನ್ನು ನೇರವಾಗಿ ಹೋಲಿಸಬೇಡಿ. ನವೆಂಬರ್‌ನಲ್ಲಿ ನಿಂತು, ಆಗ ಯಾರ ಪರ ಇದ್ದಿರಿ ಅಂತ ಕೇಳಿದರೆ ಕೆಲವರು ಗೆದ್ದವನ ಹೆಸರನ್ನೇ ಹೇಳಿಬಿಡ್ತಾರೆ. ಒಬ್ಬನೇ ವ್ಯಕ್ತಿಯನ್ನು ಪ್ರೈಮರಿ ಕಾಲದಲ್ಲಿ ಒಮ್ಮೆ, ಚುನಾವಣೆ ಮುಗಿದ ಮೇಲೆ ಮತ್ತೊಮ್ಮೆ ಕೇಳುವ ಸಮೀಕ್ಷೆಯೇ ಭರವಸೆಯದ್ದು.

ಕೋಪ ಇಳಿಯೋದಕ್ಕೆ ಸಮಯ ಬೇಕು, ಸೋತವರ ನಡವಳಿಕೆಯೂ ಬೇಕು. ಹಿಲರಿ ಜೂನ್ 7ಕ್ಕೇ ಕಣ ಬಿಟ್ಟು ಒಬಾಮಾ ಪರ ನಿಂತರು. ಅಭ್ಯರ್ಥಿಯನ್ನು ಅಧಿಕೃತವಾಗಿ ಹೆಸರಿಸುವ ಪಕ್ಷದ ಸಮಾವೇಶ ಆಗಸ್ಟ್‌ನಲ್ಲಿ ಡೆನ್ವರ್‌ನಲ್ಲಿ ನಡೆದಾಗ ಒಬಾಮಾ ಹೆಸರನ್ನು ಒಕ್ಕೊರಲಿನಿಂದ ಒಪ್ಪೋಣ ಅಂತ ಸೂಚಿಸಿದ್ದೂ ಅವರೇ. 2016ರಲ್ಲಿ ಸ್ಯಾಂಡರ್ಸ್ ಬೆಂಬಲ ಘೋಷಿಸಿದ್ದು ಜುಲೈ 12ಕ್ಕೆ. 1980ರಲ್ಲಿ ಟೆಡ್ ಕೆನಡಿ ಸಮಾವೇಶದ ತನಕ ಸ್ವಪಕ್ಷದವರೇ ಆದ ಆಗಿನ ಅಧ್ಯಕ್ಷ ಕಾರ್ಟರ್ ವಿರುದ್ಧ ಹೋರಾಡಿದರು, ಆ ನವೆಂಬರ್‌ನಲ್ಲಿ ಕಾರ್ಟರ್ ಪಕ್ಷದ ಮತಗಳಲ್ಲಿ ದೊಡ್ಡ ಪಾಲನ್ನೇ ಕಳಕೊಂಡರು. ಅದಕ್ಕೆ ಹಣದುಬ್ಬರ, ಇರಾನ್ ಒತ್ತೆಯಾಳುಗಳ ಬಿಕ್ಕಟ್ಟು ಕೂಡ ಕಾರಣ. ಕೆನಡಿ ಒಬ್ಬರ ಮೇಲೆ ಹೊರಿಸಬೇಡಿ.

ಗಡಿನಾಡ ಓದುಗ:
ರಾಜ್ಯದ ನಿಯಮ ನೋಡದೆ ಪ್ರೈಮರಿ ಅಂಕಿ ಓದಲೇಬಾರದು. ವಿಸ್ಕಾನ್ಸಿನ್, ಮಿಷಿಗನ್‌ಗಳಲ್ಲಿ ಮತದಾರ ಪಕ್ಷದ ಹೆಸರಲ್ಲಿ ನೋಂದಾಯಿಸಿಕೊಳ್ಳುವ ಪದ್ಧತಿಯೇ ಇಲ್ಲ, ಯಾರು ಬೇಕಾದರೂ ಯಾವುದಾದರೂ ಒಂದು ಪಕ್ಷದ ಪ್ರೈಮರಿಯಲ್ಲಿ ಮತ ಹಾಕಬಹುದು. ಪೆನ್ಸಿಲ್ವೇನಿಯಾದಲ್ಲಿ ಆಯಾ ಪಕ್ಷದಲ್ಲಿ ನೋಂದಾಯಿಸಿಕೊಂಡವರಿಗೆ ಮಾತ್ರ. ನ್ಯೂಯಾರ್ಕ್‌ನಲ್ಲಿ 2016ರ ಏಪ್ರಿಲ್ ಪ್ರೈಮರಿಗೆ ಪಕ್ಷ ಬದಲಿಸಲು ಕೊನೆಯ ದಿನ ಹಿಂದಿನ ಅಕ್ಟೋಬರ್‌ನಲ್ಲೇ ಮುಗಿದಿತ್ತು. ಟ್ರಂಪ್ ಮಕ್ಕಳಿಬ್ಬರಿಗೇ ತಂದೆಗೆ ಮತ ಹಾಕಲಾಗಲಿಲ್ಲ.

ನೋಂದಣಿಯೂ ನಿಷ್ಠೆಯ ಗುರುತಲ್ಲ. ವೆಸ್ಟ್ ವರ್ಜೀನಿಯಾದಲ್ಲಿ ಅಪ್ಪ ಅಜ್ಜನ ಕಾಲದಿಂದ ಡೆಮಾಕ್ರಟ್ ಎಂದು ನೋಂದಣಿ ಇಟ್ಟುಕೊಂಡು ಅಧ್ಯಕ್ಷರ ಚುನಾವಣೆಯಲ್ಲಿ ರಿಪಬ್ಲಿಕನ್ನರಿಗೆ ಹಾಕುವವರು ಬಹಳ. 2012ರ ಪ್ರೈಮರಿಯಲ್ಲಿ ಅಲ್ಲಿ ಟೆಕ್ಸಸ್ ಜೈಲಿನಲ್ಲಿದ್ದ ಕೈದಿಯೊಬ್ಬ ಒಬಾಮಾ ಎದುರು ಸುಮಾರು 41% ಮತ ಪಡೆದ. 2016ರಲ್ಲಿ ಅದೇ ರಾಜ್ಯ ಸ್ಯಾಂಡರ್ಸ್‌ಗೆ ಗೆಲುವು ಕೊಟ್ಟಿತು. ಅವರೆಲ್ಲ ಸ್ಯಾಂಡರ್ಸ್ ನೀತಿ ಮೆಚ್ಚಿ ಹಾಕಿದವರು ಎಂದು ಓದಿದರೆ ನವೆಂಬರ್ ಫಲಿತಾಂಶ ಅರ್ಥವೇ ಆಗದು.

2024ರಲ್ಲೂ ಇದೇ ಗೊಂದಲ. ರಿಪಬ್ಲಿಕನ್ ಪ್ರೈಮರಿಯಲ್ಲಿ ಟ್ರಂಪ್ ಎದುರು ನಿಂತಿದ್ದ ನಿಕ್ಕಿ ಹೇಲಿ ಮಾರ್ಚ್ 6ಕ್ಕೆ ಕಣದಿಂದ ಹಿಂದೆ ಸರಿದರೂ ಅವರಿಗೆ ಏಪ್ರಿಲ್‌ನಲ್ಲಿ ಪೆನ್ಸಿಲ್ವೇನಿಯಾದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಮತ ಬಿತ್ತು, ಮೇ ತಿಂಗಳಲ್ಲಿ ಇಂಡಿಯಾನಾದಲ್ಲಿ 20% ದಾಟಿತು. ಟ್ರಂಪ್ ಪಕ್ಷ ಒಡೆಯಿತು ಎಂದು ಬರೆದವರಿದ್ದರು. ನವೆಂಬರ್‌ನ ಮತಗಟ್ಟೆ ಸಮೀಕ್ಷೆಯಲ್ಲಿ ರಿಪಬ್ಲಿಕನ್ನರ 94% ಟ್ರಂಪ್ ಜೊತೆಗೇ ಇದ್ದರು. ಪ್ರೈಮರಿಗೆ ಬರುವವರು ನವೆಂಬರ್‌ಗಿಂತ ತೀರಾ ಕಡಿಮೆ, ಹಾಗಾಗಿ ಅಲ್ಲಿಯ 20% ಇಲ್ಲಿ 20% ಆಗುವುದಿಲ್ಲ. ಇಂಡಿಯಾನಾದಂಥ ಮುಕ್ತ ಪ್ರೈಮರಿಯ ಅಂಕಿಯನ್ನು ಪೆನ್ಸಿಲ್ವೇನಿಯಾದ ಅಂಕಿಯ ಪಕ್ಕ ಇಟ್ಟು ಸರಾಸರಿ ತೆಗೆಯುವುದಂತೂ ಬೇಡವೇ ಬೇಡ.

ಪ್ರಾಶಸ್ತ್ಯ:
ಮತಪತ್ರದಿಂದಲೇ ಅಳೆಯಬೇಕು ಅಂದರೆ ಅಲಾಸ್ಕಾ ನೋಡಿ. 2020ರಲ್ಲಿ ಅಲ್ಲಿನ ಮತದಾರರು ಪಕ್ಷಗಳ ಪ್ರತ್ಯೇಕ ಪ್ರೈಮರಿ ತೆಗೆದುಹಾಕಿ, ಅಂತಿಮ ಸುತ್ತಿಗೆ ಪ್ರಾಶಸ್ತ್ಯದ ಮತ ತಂದರು. ನಮ್ಮ ಪದವೀಧರ ಕ್ಷೇತ್ರದ ಎಣಿಕೆ ನೋಡಿದವರಿಗೆ ಇದು ಗೊತ್ತಿರುವ ಕ್ರಮವೇ: ಕೊನೆಯವನನ್ನು ತೆಗೆದು, ಅವನ ಮತಪತ್ರಗಳನ್ನು ಎರಡನೇ ಪ್ರಾಶಸ್ತ್ಯದಂತೆ ಹಂಚುವುದು.

2022ರ ಆಗಸ್ಟ್ 16ರಂದು ಅಮೆರಿಕ ಸಂಸತ್ತಿನ ಕೆಳಮನೆಯ ಸ್ಥಾನಕ್ಕೆ ಅಲ್ಲಿ ನಡೆದ ಉಪಚುನಾವಣೆಯಲ್ಲಿ ಡೆಮಾಕ್ರಟ್ ಮೇರಿ ಪೆಲ್ಟೋಲಾಗೆ 75,799, ರಿಪಬ್ಲಿಕನ್ ಸಾರಾ ಪೇಲಿನ್‌ಗೆ 58,973, ಇನ್ನೊಬ್ಬ ರಿಪಬ್ಲಿಕನ್ ನಿಕ್ ಬೆಗಿಚ್‌ಗೆ 53,810. ಬೆಗಿಚ್ ಹೊರಬಿದ್ದರು. ಅವರ ಮತಪತ್ರಗಳಲ್ಲಿ 27,053 ಪೇಲಿನ್‌ಗೆ, 15,467 ಪೆಲ್ಟೋಲಾಗೆ ಹೋದವು. ಉಳಿದ 11,290 ಯಾರಿಗೂ ಸೇರಲಿಲ್ಲ, ಹೆಚ್ಚಿನವರು ಎರಡನೇ ಹೆಸರನ್ನೇ ಗುರುತಿಸಿರಲಿಲ್ಲ. ಪೆಲ್ಟೋಲಾ 91,266ಕ್ಕೆ 86,026ರಂತೆ ಗೆದ್ದರು. ಅಂತರ 5,240. ಅಂದರೆ ಕೈಚೆಲ್ಲಿದ ಮತಪತ್ರಗಳೇ ಅಂತರದ ಎರಡು ಪಟ್ಟಿಗಿಂತ ಜಾಸ್ತಿ.

ತಮ್ಮವರು ಸೋತಾಗ ಸ್ವಪಕ್ಷದ ಇನ್ನೊಬ್ಬರ ಜೊತೆ ಉಳಿದವರು ಬರೀ ಅರ್ಧ. ಇದನ್ನು ಎಲ್ಲ ಕಡೆಗೂ ಅನ್ವಯಿಸಬಾರದು. ಪೇಲಿನ್ ಬಗ್ಗೆ ಸ್ವಂತ ರಾಜ್ಯದಲ್ಲೇ ಅಸಮಾಧಾನ ಇತ್ತು, ಬೆಗಿಚ್ ಮನೆತನ ಡೆಮಾಕ್ರಟ್ ಪಕ್ಷದ್ದು, ಅಜ್ಜ ಆ ಪಕ್ಷದ ಸಂಸದ. ಹಾಗಾಗಿ ಅವರಿಗೆ ಬಿದ್ದದ್ದೆಲ್ಲ ರಿಪಬ್ಲಿಕನ್ ಮತ ಅಲ್ಲ. ಆದರೂ ಯಾರ ಬಾಯಿಮಾತೂ ಇಲ್ಲದ, ಎಣಿಸಿದ ಕಾಗದ ಇದು.

ತುಂಗಾತೀರ:
ತುಂಬಾ ಉಪಕಾರ. ನಮ್ಮಲ್ಲಿ ಟಿಕೆಟ್ ತಪ್ಪಿದಾಗ ಬಂಡಾಯ ಏಳುತ್ತಲ್ಲ, ಅದಕ್ಕೂ ಇದೇ ಲೆಕ್ಕ ಹಾಕಬಹುದಾ?

ಮತಲೆಕ್ಕ:
ಭಾಗಶಃ. ಪ್ರೈಮರಿಯಂಥದ್ದು ಇಲ್ಲೂ ಒಮ್ಮೆ ನಡೆದಿದೆ: 2014ರ ಲೋಕಸಭೆಗೆ ಕಾಂಗ್ರೆಸ್ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡದಲ್ಲಿ ಒಳಚುನಾವಣೆ ನಡೆಸಿ ಅಭ್ಯರ್ಥಿ ಆರಿಸಿತು. ಮತ ಹಾಕಿದ್ದು ಪಕ್ಷದ ಪ್ರತಿನಿಧಿಗಳು ಮಾತ್ರ. ದಕ್ಷಿಣ ಕನ್ನಡದಲ್ಲಿ ಹರ್ಷ ಮೊಯ್ಲಿ ಎದುರು ಜನಾರ್ದನ ಪೂಜಾರಿ ಗೆದ್ದು, ನಂತರ ಬಿಜೆಪಿ ಎದುರು ಸೋತರು. ಅದರಿಂದ ಸಾಮಾನ್ಯ ಮತದಾರನ ನಿಷ್ಠೆ ಅಳೆಯಲಾಗದು.

ಬಂಡಾಯದಲ್ಲಿ ನಾಯಕನೇ ಪಕ್ಷ ಬಿಡುವುದರಿಂದ ಪ್ರಶ್ನೆಯೂ ಬೇರೆಯಾಗುತ್ತದೆ. 2023ರಲ್ಲಿ ಬಿಜೆಪಿ ಟಿಕೆಟ್ ತಪ್ಪಿ ಕಾಂಗ್ರೆಸ್ ಸೇರಿದವರಲ್ಲಿ ಅಥಣಿಯಲ್ಲಿ ಲಕ್ಷ್ಮಣ ಸವದಿ ಗೆದ್ದರು, ಹುಬ್ಬಳ್ಳಿ-ಧಾರವಾಡ ಸೆಂಟ್ರಲ್‌ನಲ್ಲಿ ಜಗದೀಶ ಶೆಟ್ಟರ್ ಸೋತರು. ಎಷ್ಟು ಮತ ಅವರ ಹಿಂದೆ ಹೋಯಿತು ನೋಡಬೇಕಾದರೆ ಚುನಾವಣಾ ಆಯೋಗದ ಫಾರಂ 20 ತೆಗೆದು, 2018 ಮತ್ತು 2023ರ ಮತಗಟ್ಟೆವಾರು ಅಂಕಿಗಳನ್ನು ಅಕ್ಕಪಕ್ಕ ಇಡಿ. ಮತಗಟ್ಟೆ ಸಂಖ್ಯೆ ಬದಲಾಗಿರುತ್ತದೆ, ಆದ್ದರಿಂದ ಸಂಖ್ಯೆಯ ಬದಲು ಮತಗಟ್ಟೆ ಇರುವ ಶಾಲೆಯ ಹೆಸರು, ಬೀದಿ ನೋಡಿ ಹೊಂದಿಸಿ. ಒಟ್ಟು ಮತದಾರರ ಸಂಖ್ಯೆ ತೀರಾ ಬದಲಾಗಿರುವ ಮತಗಟ್ಟೆಗಳನ್ನು ಬಿಡಿ. ಇಷ್ಟಾದ ಮೇಲೂ ಸಿಗುವುದು ಬಡಾವಣೆಯ ಒಲವು. ಅದನ್ನು ಒಬ್ಬೊಬ್ಬ ಮತದಾರನ ನಿರ್ಧಾರ ಎಂದು ಬರೆಯಬೇಡಿ.