ಡಾಕ್ಟರನ್ನು ಕೇಳಿ: ಮಳೆಗಾಲದ ಜ್ವರ ಮತ್ತು ಇಮ್ಯೂನಿಟಿ (ಹಾಸನ)

ಬೇಲೂರಿನ ಅಮ್ಮ: ಮೇಡಂ, ಪಾಪುಗೆ ಆರು ತಿಂಗಳು. ನನಗೆ ಚಿಕ್ಕಂದಿನಲ್ಲಿ ದಡಾರ ಬಂದಿತ್ತು. ಮಗುವಿಗೂ ನಿನ್ನ ಶಕ್ತಿ ಬಂದಿರುತ್ತೆ, ಚುಚ್ಚುಮದ್ದು ಬೇಡ ಅಂತಾರೆ ನಮ್ಮತ್ತೆ. ನಿಜವಾ?

ಡಾಕ್ಟರು: ಬಂದಿರುತ್ತದಮ್ಮ, ಆದರೆ ಉಳಿಯುವುದಿಲ್ಲ. ಬಸುರಿನಲ್ಲಿ ನಿಮ್ಮ ಪ್ರತಿಕಾಯಗಳು (ಆಂಟಿಬಾಡಿ, ರೋಗಾಣುವಿಗೆ ಅಂಟಿ ಅದನ್ನು ತಡೆಯುವ ರಕ್ತದ ಅಂಶಗಳು) ಹೊಕ್ಕುಳಬಳ್ಳಿ ಮೂಲಕ ಮಗುವಿಗೆ ಹೋಗಿವೆ. ಕೆಲವು ತಿಂಗಳಲ್ಲಿ ಕರಗುತ್ತವೆ. ಅವು ಜಾಸ್ತಿ ಇರುವಾಗ ಲಸಿಕೆ ಸರಿಯಾಗಿ ಕೆಲಸ ಮಾಡಲ್ಲ, ಅದಕ್ಕೇ ಮೊದಲ ಡೋಸ್ 9 ತಿಂಗಳಿಗೆ, ಎರಡನೆಯದು 16ರಿಂದ 24 ತಿಂಗಳೊಳಗೆ. ಎರಡೂ ಹಾಕಿಸಿ.

ಅರಸೀಕೆರೆ: ಇಮ್ಯೂನಿಟಿ ಜಾಸ್ತಿ ಆಗೋಕೆ ಏನು ತಗೋಬೇಕು?

ಡಾಕ್ಟರು: ಊಟ, ನಿದ್ದೆ, ಲಸಿಕೆ.

ಸಕಲೇಶಪುರ: ಮೇಡಂ, ತಂಗಿಗೆ ಡೆಂಗ್ಯೂ, ಇವತ್ತಿಗೆ ಐದನೇ ದಿನ. ಹಿಂದೆಯೂ ಒಂದ್ಸಲ ಬಂದಿತ್ತು. ನಿನ್ನೆ ರಾತ್ರಿ ಜ್ವರ ಬಿಡ್ತು. ಬೆಳಗ್ಗೆಯಿಂದ ಹೊಟ್ಟೆನೋವು, ವಾಂತಿ, ಮಂಕಾಗಿ ಮಲಗಿದ್ದಾಳೆ. ಒಂದ್ಸಲ ಬಂದವರಿಗೆ ಶಕ್ತಿ ಇರುತ್ತೆ ಅಲ್ವಾ?

ಡಾಕ್ಟರು: ಈಗಲೇ ಹೊರಡಿ. ಹತ್ತಿರದಲ್ಲಿ ಅಡ್ಮಿಟ್ ಮಾಡಿಕೊಳ್ಳುವ ಯಾವ ಆಸ್ಪತ್ರೆಯಾದರೂ ಸರಿ. ಉಳಿದದ್ದನ್ನು ದಾರಿಯಲ್ಲಿ ಓದಿ.

ಡೆಂಗ್ಯೂನಲ್ಲಿ ಅಪಾಯ ಬರುವುದೇ ಜ್ವರ ಇಳಿಯುವ ಹೊತ್ತಿಗೆ. ರಕ್ತನಾಳದಿಂದ ನೀರಿನಂಶ ಸೋರಿ ಬಿಪಿ ಕುಸಿಯಬಹುದು. ಹೊಟ್ಟೆನೋವು, ನಿಲ್ಲದ ವಾಂತಿ, ಮಂಕು, ಒಸಡಿನಲ್ಲಿ ರಕ್ತ, ಇವೆಲ್ಲ ಅದರ ಸೂಚನೆ. ಪ್ಲೇಟ್‌ಲೆಟ್ ಒಂದನ್ನೇ ನೋಡಿ ಕೂರಬೇಡಿ. ಡೆಂಗ್ಯೂ ವೈರಸ್ 4 ಬಗೆ. ಒಂದು ಬಗೆ ಬಂದು ಹೋದರೆ ಅದೇ ಬಗೆಯ ವಿರುದ್ಧ ರಕ್ಷಣೆ ಬಹಳ ಕಾಲ ಇರುತ್ತದೆ, ಬೇರೆ ಮೂರರ ವಿರುದ್ಧ ಕೆಲವು ತಿಂಗಳು ಅಷ್ಟೇ. ಆಮೇಲೆ ಬೇರೆ ಬಗೆ ಬಂದರೆ ಹಳೆಯ ಪ್ರತಿಕಾಯ ಅದಕ್ಕೆ ಅಂಟಿಕೊಳ್ಳುತ್ತದೆ, ಆದರೆ ತಡೆಯಲಾಗದು. ಅಂಟಿದ ವೈರಸ್ಸನ್ನು ಬಿಳಿ ರಕ್ತಕಣಗಳು ಒಳಗೆ ಎಳೆದುಕೊಳ್ಳುತ್ತವೆ, ಅಲ್ಲೇ ಅದು ಇನ್ನೂ ಬೆಳೆಯುತ್ತದೆ. ಅದಕ್ಕೇ ಎರಡನೇ ಸಲ ಅಂದರೆ ನನಗೆ ಭಯ. ಬ್ರೂಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್ ಥರದ ನೋವಿನ ಮಾತ್ರೆ ಏನಾದರೂ ಕೊಟ್ಟಿದ್ದರೆ ಅಲ್ಲಿ ತಪ್ಪದೆ ಹೇಳಿ.

ಆಲೂರು: ಫಾರ್ವರ್ಡ್ ಬಂದಿದ್ದು: ಪರಂಗಿ ಎಲೆ ರಸ, ಅಮೃತಬಳ್ಳಿ ಕಷಾಯ, ಮೂರೇ ದಿನ. ಆಸ್ಪತ್ರೆ ಬೇಕಿಲ್ಲ.

ಡಾಕ್ಟರು: ಇದನ್ನು ಅಳಿಸಿ. ವಾಂತಿ ಮಾಡುತ್ತಿರುವ ಹುಡುಗಿಗೆ ಕಹಿ ರಸ ಕುಡಿಸುತ್ತಾ ಹೊತ್ತು ಕಳೆದರೆ ಜೀವ ಹೋಗುತ್ತದೆ.

ಆಲೂರು: ನಮ್ಮಣ್ಣನಿಗೆ ರಸ ಕೊಟ್ಟ ಮೇಲೇ ಪ್ಲೇಟ್‌ಲೆಟ್ ಏರಿದ್ದು.

ಚನ್ನರಾಯಪಟ್ಟಣ: ಜ್ವರ ಬಿಟ್ಟು ಒಂದೆರಡು ದಿನಕ್ಕೆ ತಾನಾಗೇ ಏರುತ್ತೆ. ನನಗೆ ಏನೂ ಕುಡಿಯದೆ ಏರಿತ್ತು.

ಆಲೂರು: ನೀವೇನು ಡಾಕ್ಟ್ರಾ?

ಚನ್ನರಾಯಪಟ್ಟಣ: ಅಲ್ಲ. ನೀವೂ ಅಲ್ಲ. ಮನೆ ಹಿಂದಿನ ಡ್ರಮ್ಮಿನ ನೀರು ಚೆಲ್ಲಿದ್ದೀರಾ, ಅದು ಹೇಳಿ ಮೊದಲು.

ಮೂಡಿಗೆರೆ: ಮೇಡಂ, ಮಂಗನ ಕಾಯಿಲೆ ಒಂದ್ಸಲ ಬಂದವರಿಗೆ ಮತ್ತೆ ಬರುತ್ತಾ?

ಆಲೂರು: ಆಯುರ್ವೇದ ಅಂದ್ರೆ ಕೆಲವರಿಗೆ ಉರಿ.

ಅರಸೀಕೆರೆ: ಅಮೃತಬಳ್ಳಿ ದಿನಾ ಕುಡಿದರೆ ಇಮ್ಯೂನಿಟಿ ಬರುತ್ತಾ ಮೇಡಂ?

ಡಾಕ್ಟರು: ಬೇಡ. ಅದನ್ನು ಕುಡಿದು ಲಿವರ್ ಕೆಟ್ಟ ಪ್ರಕರಣಗಳು ನಮ್ಮ ದೇಶದಲ್ಲೇ ವರದಿಯಾಗಿವೆ.

ಆಲೂರು: ಇಂಗ್ಲಿಷ್ ಮಾತ್ರೆಯಿಂದ ಕೆಡಲ್ವಾ?

ಡಾಕ್ಟರು: ಕೆಡುತ್ತದೆ. ಅದಕ್ಕೇ ಅದನ್ನೂ ಕೇಳದೆ ನುಂಗಬೇಡಿ ಅಂತೀನಿ. ಇಬ್ಬರೂ ಜಗಳ ನಿಲ್ಲಿಸಿ. ಸಕಲೇಶಪುರದವರೇ, ಎಲ್ಲಿದ್ದೀರಿ?

ಸಕಲೇಶಪುರ: ಅಡ್ಮಿಟ್ ಮಾಡಿಕೊಂಡ್ರು ಮೇಡಂ. ಬಿಪಿ ಕಡಿಮೆ ಇತ್ತಂತೆ. ಡ್ರಿಪ್ ಹಾಕಿದ್ದಾರೆ.

ಡಾಕ್ಟರು: ಸದ್ಯ. ಮುಂದಿನ 24ರಿಂದ 48 ಗಂಟೆ ಮುಖ್ಯ. ಮೂತ್ರ ಎಷ್ಟು ಹೋಗುತ್ತಿದೆ ಬರೆದಿಡಿ, ಕಡಿಮೆಯಾದರೆ ನರ್ಸನ್ನು ಕರೆಯಿರಿ. ಮನೆಗೆ ಕಳಿಸಿ ಅಂತ ನೀವಾಗಿ ಕೇಳಬೇಡಿ.