ಹಲವರು ಬಳಸುವ ಕಂಪ್ಯೂಟರಿನ ಡಿಸ್ಕನ್ನು ಪಾರ್ಟಿಶನ್ ಮಾಡಬೇಕೇ?

ಪ್ರಶ್ನೆ (ಬದಿಯಡ್ಕ, ಕಾಸರಗೋಡು):
ಮಾನ್ಯರೇ, ನಮ್ಮ ವಾಚನಾಲಯದಲ್ಲಿ ಉಬುಂಟು (ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ) ಹಾಕಿರುವ ಒಂದು ಕಂಪ್ಯೂಟರನ್ನು ಕನ್ನಡ, ಮಲಯಾಳ ಮಾಧ್ಯಮಗಳ ಮಕ್ಕಳೂ ಊರಿನ ಹಿರಿಯರೂ ತಮ್ಮ ತಮ್ಮ ಖಾತೆಗಳಲ್ಲಿ ಬಳಸುತ್ತಾರೆ. 240 ಜಿಬಿಯ ಎಸ್‌ಎಸ್‌ಡಿ ಡಿಸ್ಕ್ ಪೂರ್ತಿ ಒಂದೇ ಪಾರ್ಟಿಶನ್ (ವಿಭಾಗ) ಆಗಿದ್ದು, ಕಡತವ್ಯವಸ್ಥೆ (ಕಡತಗಳನ್ನು ಡಿಸ್ಕಿನಲ್ಲಿ ಜೋಡಿಸಿಡುವ ವಿಧಾನ) ಇಎಕ್ಸ್‌ಟಿ4. ಒಬ್ಬರು ಯಕ್ಷಗಾನದ ವಿಡಿಯೊಗಳನ್ನು ತುಂಬಿಸಿದ ಮೇಲೆ, ಉಳಿದವರು ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಡೆಸ್ಕ್‌ಟಾಪ್ ತೆರೆಯದೆ ಲಾಗಿನ್ ಪರದೆಯೇ ಮತ್ತೆ ಬರುತ್ತಿದೆ. ಒಬ್ಬೊಬ್ಬರಿಗೂ ಪ್ರತ್ಯೇಕ ಪಾರ್ಟಿಶನ್ ಮಾಡಬಹುದೇ?

ಉತ್ತರ:
ಡಿಸ್ಕ್ ತುಂಬಿದ್ದರಿಂದ ಹೀಗಾಗಿದೆ; ಮೊದಲು ಯಂತ್ರವನ್ನು ಸರಿಪಡಿಸಿಕೊಳ್ಳಿ. ಇಎಕ್ಸ್‌ಟಿ4 ಸಾಮಾನ್ಯವಾಗಿ ಶೇಕಡಾ 5ರಷ್ಟು ಜಾಗವನ್ನು ರೂಟ್ ಎಂಬ ಸರ್ವಾಧಿಕಾರದ ಖಾತೆಗಾಗಿ ಕಾದಿರಿಸುವುದರಿಂದ, ಕಂಟ್ರೋಲ್, ಆಲ್ಟ್ ಮತ್ತು ಎಫ್3 ಒಟ್ಟಿಗೆ ಒತ್ತಿದಾಗ ಬರುವ ಅಕ್ಷರ ಪರದೆಯಲ್ಲಿ ನಿರ್ವಾಹಕರ ಖಾತೆಯಿಂದ ಪ್ರವೇಶಿಸಿ, ಆ ವಿಡಿಯೊಗಳನ್ನು ಹೊರಗಿನ ಡಿಸ್ಕಿಗೆ ಸಾಗಿಸಲು ಸಾಧ್ಯವಿದೆ. ಅವರಿಗೆ ತಿಳಿಸದೆ ಅಳಿಸಬೇಡಿ. ಅದು ಅವರ ಸಂಗ್ರಹ.

ಒಬ್ಬೊಬ್ಬರಿಗೆ ಒಂದೊಂದು ಪಾರ್ಟಿಶನ್ ಮಾಡುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ಒಬ್ಬರ ಪಾಲಿನಲ್ಲಿ ಖಾಲಿ ಬಿದ್ದ ಜಾಗ ಇನ್ನೊಬ್ಬರಿಗೆ ದಕ್ಕುವುದಿಲ್ಲ, ಹೊಸ ಸದಸ್ಯರು ಬಂದಾಗಲೆಲ್ಲ ಡಿಸ್ಕನ್ನು ಮತ್ತೆ ಹಂಚಬೇಕಾಗುತ್ತದೆ. ಬಳಕೆದಾರರ ನಡುವಿನ ಮಿತಿಗೆ ಇರುವ ಸಾಧನ ಕೋಟಾ, ಅಂದರೆ ಒಬ್ಬೊಬ್ಬರು ಬಳಸಬಹುದಾದ ಜಾಗಕ್ಕೆ ಹಾಕುವ ಮಿತಿ. ಅದರಲ್ಲಿ ಮೃದು ಮಿತಿ, ಕಠಿಣ ಮಿತಿ ಎಂದು ಎರಡಿವೆ: ಮೃದು ಮಿತಿ ದಾಟಿದವರಿಗೆ ಜಾಗ ತೆರವು ಮಾಡಲು ಸಾಮಾನ್ಯವಾಗಿ 7 ದಿನಗಳ ಅವಕಾಶ ಇರುತ್ತದೆ, ಕಠಿಣ ಮಿತಿಯನ್ನು ದಾಟಲು ಬರುವುದೇ ಇಲ್ಲ. ಮಕ್ಕಳಿಗೆ 5 ಜಿಬಿ ಕಠಿಣ ಮಿತಿ ಸಾಕೆಂದು ನನ್ನ ಅಭಿಪ್ರಾಯ.

ಹಾಗಿದ್ದರೂ ಎಲ್ಲರ ಕಡತಗಳಿರುವ ಹೋಮ್ ಫೋಲ್ಡರನ್ನು ಮಾತ್ರ ಬೇರೆ ಪಾರ್ಟಿಶನ್‌ನಲ್ಲಿ ಇಡುವುದು ಒಳ್ಳೆಯದು. ಹೋಮ್ ತುಂಬಿದರೂ ವ್ಯವಸ್ಥೆಯ ಲಾಗ್‌ಗಳಿಗೂ ಅಪ್‌ಡೇಟ್‌ಗಳಿಗೂ ಜಾಗ ಉಳಿಯುತ್ತದೆ. ಉಬುಂಟುವನ್ನು ಮರುಸ್ಥಾಪಿಸುವಾಗ ಹೋಮ್ ಅನ್ನು ಫಾರ್ಮ್ಯಾಟ್ ಮಾಡದೆ ಬಿಟ್ಟರೆ ಎಲ್ಲರ ಕಡತಗಳೂ ಇದ್ದಂತೆಯೇ ಇರುತ್ತವೆ.

ಮರುಪ್ರಶ್ನೆ:
ಅಳತೆ ತಪ್ಪಿ ಮುಂದೆ ಒಂದು ಕಡೆ ಜಾಗ ಸಾಲದೆ ಹೋದರೆ ಏನು ಮಾಡುವುದು?

ಉತ್ತರ:
ಆ ಆತಂಕ ಸರಿಯಾದದ್ದೇ. ಆದ್ದರಿಂದ ಎಲ್‌ವಿಎಂ (ಡಿಸ್ಕಿನ ವಿಭಾಗಗಳ ಅಳತೆಯನ್ನು ಮುಂದೆಯೂ ಬದಲಿಸಲು ಬಿಡುವ ವ್ಯವಸ್ಥೆ) ಬಳಸಿ, ರೂಟ್‌ಗೆ (ಇಲ್ಲಿ ಉಬುಂಟು ವ್ಯವಸ್ಥೆ ಇರುವ ವಿಭಾಗ) 60, ಹೋಮ್‌ಗೆ 100 ಜಿಬಿ ಕೊಟ್ಟು, ಮಿಕ್ಕಿದ್ದನ್ನು ಯಾವುದಕ್ಕೂ ಹಂಚದೆ ಬಿಡಿ. ಇಎಕ್ಸ್‌ಟಿ4 ಅನ್ನು ಯಂತ್ರ ಚಾಲೂ ಇರುವಾಗಲೇ ಹಿಗ್ಗಿಸಬಹುದು, ಕುಗ್ಗಿಸಲು ಮಾತ್ರ ಅನ್‌ಮೌಂಟ್ ಮಾಡಲೇಬೇಕು (ಬಳಕೆಯಿಂದ ಬಿಡಿಸಲೇಬೇಕು); ಹಾಗಾಗಿ ಆರಂಭದಲ್ಲಿ ಕಡಿಮೆ ಕೊಡುವುದೇ ಜಾಣತನ. ಡಿಸ್ಕಿಗೆ ಕೈಹಾಕುವ ಮೊದಲು ಎಲ್ಲವನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡಿ, ಕೆಲವು ಕಡತಗಳನ್ನು ತೆರೆದು ಪರೀಕ್ಷಿಸಿ. ತುಲಾ ತಿಂಗಳ ಸಿಡಿಲಿಗೆ ಎಸ್‌ಎಸ್‌ಡಿಯೇ ಸುಟ್ಟರೆ ಎರಡೂ ಪಾರ್ಟಿಶನ್‌ಗಳು ಒಟ್ಟಿಗೇ ಹೋಗುವುದರಿಂದ, ಆ ನಕಲನ್ನು ಮುಂದೆಯೂ ವಾರಕ್ಕೊಮ್ಮೆ ಹೊಸದಾಗಿಸಿ, ಕಂಪ್ಯೂಟರಿನಿಂದ ಬಿಡಿಸಿ ಕಪಾಟಿನಲ್ಲಿಡಿ.